ರಾಷ್ಟ್ರೀಯ ಸ್ನೂಕರ್ ಕಿರೀಟ: ಮೇಜು ಸಿಕ್ಕವರ ಚರಿತ್ರೆ

ಭಾರತದ ರಾಷ್ಟ್ರೀಯ ಹವ್ಯಾಸಿ ಸ್ನೂಕರ್ ಚಾಂಪಿಯನ್‌ಷಿಪ್ ಶುರುವಾದದ್ದು 1930ರ ದಶಕ ಮುಗಿಯುತ್ತಿದ್ದ ಹೊತ್ತಿಗೆ, ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ. ಸ್ನೂಕರ್ ಹುಟ್ಟಿದ್ದು ಭಾರತದ ನೆಲದಲ್ಲೇ ಆದರೂ ಈ ದೇಶದ ಚಾಂಪಿಯನ್ ಯಾರೆಂದು ಕೇಳುವ ಸ್ಪರ್ಧೆಗಾಗಿ ಅದು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಆ ಅರವತ್ತು ವರ್ಷ ಆಟವಿದ್ದದ್ದು ಸೇನಾಧಿಕಾರಿಗಳ ಮೆಸ್ಸುಗಳಲ್ಲಿ, ಗಿರಿಧಾಮಗಳ ಕ್ಲಬ್ಬುಗಳಲ್ಲಿ, ಅರಮನೆಗಳಲ್ಲಿ. ಮೇಜು ಯಾರ ಕೈಗೆ ಎಟುಕಿತೋ ಅವರೇ ಆಟಗಾರರಾದರು. ಚಾಂಪಿಯನ್‌ಷಿಪ್ಪಿನ ಮುಂದಿನ ಚರಿತ್ರೆಯನ್ನು ಓದುವಾಗಲೂ ಇದೇ ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ.

ಆಟದ ಹುಟ್ಟು 1875ರ ಜಬಲ್ಪುರದಲ್ಲಿ. ಡೆವನ್‌ಷೈರ್ ರೆಜಿಮೆಂಟಿನ ಯುವ ಅಧಿಕಾರಿ ನೆವಿಲ್ ಚೇಂಬರ್ಲಿನ್ ಮತ್ತು ಜೊತೆಗಾರರು ಮೆಸ್ಸಿನ ಬಿಲಿಯರ್ಡ್ಸ್ ಮೇಜಿನ ಮೇಲೆ ಆಗ ಬಳಕೆಯಲ್ಲಿದ್ದ ಬೇರೆ ಬೇರೆ ಆಟಗಳನ್ನು ಆಡುತ್ತಿದ್ದರು. ಹದಿನೈದು ಕೆಂಪು ಚೆಂಡುಗಳನ್ನು ತ್ರಿಕೋನವಾಗಿ ಜೋಡಿಸಿ ಆಡುವ ‘ಪಿರಮಿಡ್ಸ್’ ಒಂದು, ಬಣ್ಣದ ಚೆಂಡುಗಳಿಂದ ಆಡುವ ‘ಪೂಲ್’ ಇನ್ನೊಂದು. ಎರಡನ್ನೂ ಬೆರೆಸಿ, ಬೇರೆ ಬೇರೆ ಬಣ್ಣಕ್ಕೆ ಬೇರೆ ಬೇರೆ ಅಂಕ ಕೊಟ್ಟಾಗ ಹೊಸ ಆಟವೊಂದು ಸಿಕ್ಕಿತು. ಸೇನಾ ಅಕಾಡೆಮಿಗೆ ಹೊಸದಾಗಿ ಸೇರಿದ ಹುಡುಗರನ್ನು ಕರೆಯುತ್ತಿದ್ದ ಸ್ನೂಕರ್ ಎಂಬ ಅಡ್ಡಹೆಸರೇ ಆಟಕ್ಕೂ ಅಂಟಿಕೊಂಡಿತು. ಚೇಂಬರ್ಲಿನ್ ಮುಂದೆ ಮದ್ರಾಸ್ ಸೇನೆಯ ದಂಡನಾಯಕ ಫ್ರೆಡರಿಕ್ ರಾಬರ್ಟ್ಸ್ ಅವರ ಸಿಬ್ಬಂದಿಯಾಗಿ ಬೇಸಿಗೆಗಳಲ್ಲಿ ಊಟಿಗೆ ಬರತೊಡಗಿದರು. 1880ರ ದಶಕದ ಆರಂಭದಲ್ಲಿ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೊಠಡಿಯ ಗೋಡೆಗೆ ಆಟದ ನಿಯಮಗಳನ್ನು ಬರೆದು ಹಾಕಲಾಯಿತು. ಮೈಸೂರು ಸೀಮೆಯ ಗಡಿಗೆ ಅಂಟಿಕೊಂಡಿರುವ ಆ ಬೆಟ್ಟದ ಊರಿನಿಂದ ಸ್ನೂಕರ್ ಕ್ಲಬ್ಬಿನಿಂದ ಕ್ಲಬ್ಬಿಗೆ ದಾಟಿತು. 1885ರಲ್ಲಿ ಇಂಗ್ಲೆಂಡಿನ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್ ಕಲ್ಕತ್ತಕ್ಕೆ ಬಂದಾಗ ಕೂಚ್ ಬಿಹಾರದ ಮಹಾರಾಜರ ಔತಣದಲ್ಲಿ ಚೇಂಬರ್ಲಿನ್ ಅವರನ್ನು ಕಂಡು ನಿಯಮಗಳನ್ನು ಕೇಳಿ ತಿಳಿದುಕೊಂಡರು. ಹೀಗೆ ಭಾರತದಲ್ಲಿ ಹುಟ್ಟಿದ ಆಟ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿ 1916ರಲ್ಲಿ ಹವ್ಯಾಸಿಗಳ ಚಾಂಪಿಯನ್‌ಷಿಪ್, 1927ರಲ್ಲಿ ವೃತ್ತಿಪರರ ವಿಶ್ವ ಚಾಂಪಿಯನ್‌ಷಿಪ್ ಶುರುವಾದವು. ಹುಟ್ಟಿದ ದೇಶ ಈ ಎರಡೂ ಸ್ಪರ್ಧೆಗಳಿಗಿಂತ ಹಿಂದೆ ಬಿತ್ತು.

ಹಿಂದೆ ಬಿದ್ದದ್ದಕ್ಕೆ ಕಾರಣ ಆಟದ ಮೇಜಿನಲ್ಲೇ ಇದೆ. ಪೂರ್ಣ ಅಳತೆಯ ಸ್ನೂಕರ್ ಮೇಜು ಸುಮಾರು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಹಸಿರು ಉಣ್ಣೆ ಬಟ್ಟೆಯ ಕೆಳಗಿರುವುದು ಮರವಲ್ಲ, ಒತ್ತಾಗಿ ಕೂಡಿಸಿದ ಐದು ಸ್ಲೇಟ್ ಕಲ್ಲಿನ ಹಲಗೆಗಳು. ಒಟ್ಟು ತೂಕ ಒಂದು ಟನ್ನಿಗೂ ಮೀರುತ್ತದೆ. ಮೇಜಿನ ಎಲ್ಲ ಬದಿಗಳಿಂದಲೂ ಕ್ಯೂ ಕೋಲನ್ನು ಹಿಂದಕ್ಕೆಳೆದು ಹೊಡೆಯಲು ಜಾಗ ಬೇಕಾದ್ದರಿಂದ ಕೊಠಡಿ ಕಡಿಮೆಯೆಂದರೆ ಇಪ್ಪತ್ತೆರಡು ಅಡಿಗೆ ಹದಿನಾರು ಅಡಿ ಇರಬೇಕು. ಮೇಜಿನ ಮಟ್ಟ ಕೂದಲೆಳೆಯಷ್ಟು ವಾಲಿದರೂ ನಿಧಾನವಾಗಿ ಉರುಳುವ ಚೆಂಡು ದಾರಿ ತಪ್ಪುತ್ತದೆ. ಬಟ್ಟೆಯ ನಯ ಒಂದೇ ದಿಕ್ಕಿಗೆ ಮಲಗಿರುವಂತೆ ದಿನವೂ ಬ್ರಷ್ ಮಾಡಬೇಕು, ಇಸ್ತ್ರಿ ಹಾಕಬೇಕು. ಮಳೆಗಾಲದ ತೇವ ಕೂತರೆ ಚೆಂಡಿನ ಓಟವೇ ಬದಲಾಗುತ್ತದೆ. ಕೇರಂ ಬೋರ್ಡನ್ನು ಯಾವ ಮನೆಯ ಜಗುಲಿಯಲ್ಲಾದರೂ ಇಟ್ಟುಕೊಳ್ಳಬಹುದು. ಸ್ನೂಕರ್ ಮೇಜಿಗೆ ಮಾತ್ರ ತನ್ನದೇ ಕಟ್ಟಡ, ತನ್ನದೇ ಆರೈಕೆ ಬೇಕು. ಆದ್ದರಿಂದಲೇ ಈ ಆಟ ಎಲ್ಲಿ ಹಣ ಮತ್ತು ಬಿಡುವು ಎರಡೂ ಇದ್ದವೋ ಅಲ್ಲಿಯೇ ಬೇರೂರಿತು.

ಉದಾಹರಣೆಗೆ, ಕೋಲಾರ ಸೀಮೆಯಲ್ಲಿ ಅಂಥ ಜಾಗ ಒಂದೇ ಇತ್ತು, ಅದು ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗೆ ಇಳಿದ ಮೇಲೆ ಅಲ್ಲಿ ಇಂಗ್ಲಿಷ್ ಅಧಿಕಾರಿಗಳ ಬಂಗಲೆ, ಚರ್ಚು, ಗಾಲ್ಫ್ ಮೈದಾನ, ಕ್ಲಬ್ಬುಗಳ ಊರೊಂದು ಎದ್ದುನಿಂತು ‘ಪುಟ್ಟ ಇಂಗ್ಲೆಂಡ್’ ಎನಿಸಿಕೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂತು. ಆ ಕಾಲದ ಇಂಗ್ಲಿಷ್ ಕ್ಲಬ್ಬು ಎಂದರೆ ಬಿಲಿಯರ್ಡ್ಸ್ ಮೇಜು ಇರಲೇಬೇಕಾದ ಸಜ್ಜು. ಆದರೆ ಭೂಮಿಯಾಳಕ್ಕೆ ಇಳಿಯುತ್ತಿದ್ದ ಕಾರ್ಮಿಕರಿಗೆ ಆ ಕ್ಲಬ್ಬಿನ ಬಾಗಿಲು ತೆರೆದಿರಲಿಲ್ಲ. ಗಣಿಯ ಬೇಲಿಯಾಚೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನಕ್ಕಂತೂ ಈ ಆಟ ಇದೆಯೆಂಬುದು ತಿಳಿಯುವ ಸಂದರ್ಭವೇ ಬರಲಿಲ್ಲ. ಕೆರೆ, ರೇಷ್ಮೆ, ರಾಗಿ, ಮಾವಿನ ಈ ತಾಲ್ಲೂಕುಗಳಿಂದ ತೀರ ದೂರವೇನೂ ಇರದ ಆ ಹಸಿರು ಮೇಜು ಬೇರೆಯದೇ ಲೋಕಕ್ಕೆ ಸೇರಿದ್ದಾಗಿತ್ತು. 2001ರ ಫೆಬ್ರುವರಿ 28ರಂದು ಗಣಿಯೂ ಮುಚ್ಚಿತು. ಕ್ಲಬ್ ಸಂಸ್ಕೃತಿ ಅಲ್ಲಿಂದ ಸುತ್ತಲಿನ ಊರುಗಳಿಗೆ ಹರಿಯಲೇ ಇಲ್ಲ.

ರಾಷ್ಟ್ರೀಯ ಮಟ್ಟದಲ್ಲಿ ಮೊದಲು ಸ್ಪರ್ಧೆಯ ರೂಪ ಪಡೆದದ್ದು ಬಿಲಿಯರ್ಡ್ಸ್. ಅದರಲ್ಲಿ ಮೂರೇ ಚೆಂಡು. ತನ್ನ ಚೆಂಡಿನಿಂದ ಉಳಿದೆರಡನ್ನೂ ತಾಕಿಸುವುದು, ಇನ್ನೊಂದಕ್ಕೆ ತಾಕಿಸಿ ತನ್ನ ಚೆಂಡನ್ನೇ ಪಾಕೆಟ್ಟಿಗೆ ಇಳಿಸುವುದು, ಬೇರೆ ಚೆಂಡನ್ನು ಪಾಕೆಟ್ಟಿಗೆ ಹಾಕುವುದು, ಇವೆಲ್ಲಕ್ಕೂ ಅಂಕ. ಸ್ನೂಕರಿನಲ್ಲಿ ಬಿಳಿ ಚೆಂಡೂ ಸೇರಿ ಇಪ್ಪತ್ತೆರಡು. ಒಂದು ಕೆಂಪು ಹಾಕಿದ ಮೇಲೆ ಒಂದು ಬಣ್ಣದ ಚೆಂಡು ಹಾಕಬೇಕು. ಕೆಂಪಿಗೆ 1, ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7 ಅಂಕ. ಹಳೆಯ ತಲೆಮಾರಿನ ಕ್ಲಬ್ಬಿಗರಿಗೆ ಬಿಲಿಯರ್ಡ್ಸೇ ನಿಜವಾದ ವಿದ್ಯೆ, ಸ್ನೂಕರ್ ಸಂಜೆಯ ಹೊತ್ತು ಕಳೆಯುವ ಆಟ. ಈ ಮೇಲು ಕೀಳಿನ ಭಾವನೆ ಬಹುಕಾಲ ಉಳಿಯಿತು. ರಾಷ್ಟ್ರೀಯ ಸ್ನೂಕರ್ ಕಿರೀಟಕ್ಕೆ ಮೊದಲ ದಶಕಗಳಲ್ಲಿ ಬಿಲಿಯರ್ಡ್ಸ್ ಕಿರೀಟದಷ್ಟು ಗೌರವ ಸಿಗದಿರಲು ಇದೇ ಕಾರಣ.

ಆರಂಭದ ವರ್ಷಗಳ ವಿಜೇತರ ಪಟ್ಟಿಯಲ್ಲಿ ಪಿ. ಕೆ. ದೇಬ್ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ. ಯುದ್ಧದ ಕೊನೆಯ ವರ್ಷಗಳಲ್ಲಿ ಸ್ಪರ್ಧೆ ನಿಂತು, 1946ರ ಹೊತ್ತಿಗೆ ಮತ್ತೆ ಹಳಿ ಹತ್ತಿತು. ಆ ಮೇಲಿನ ಕೆಲ ವರ್ಷ ಟಿ. ಎ. ಸೆಲ್ವರಾಜ್ ಮುಂಚೂಣಿಯಲ್ಲಿದ್ದರು. ‘ಹವ್ಯಾಸಿ’ ಎಂಬ ನಿಯಮ ಆಗ ಬಿಗಿಯಾಗಿತ್ತು, ಮತ್ತು ಅದರ ಪೆಟ್ಟು ಬಿದ್ದದ್ದು ತೀರ ಬಡವರ ಮೇಲೆ. ಪ್ರತಿ ಕ್ಲಬ್ಬಿನಲ್ಲೂ ಮೇಜು ಒರೆಸುವ, ಬಟ್ಟೆಗೆ ಇಸ್ತ್ರಿ ಹಾಕುವ, ಅಂಕ ಎಣಿಸುವ, ಸದಸ್ಯರಿಗೆ ಜೊತೆ ಬೇಕೆಂದಾಗ ಆಡುವ ಮಾರ್ಕರ್ ಒಬ್ಬ ಇರುತ್ತಿದ್ದ. ದಿನವಿಡೀ ಮೇಜಿನ ಪಕ್ಕದಲ್ಲೇ ಇದ್ದ ಆತ ಎಷ್ಟೋ ಸಲ ಸದಸ್ಯರೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ. ಆದರೆ ಮೇಜಿನಿಂದ ಸಂಬಳ ಪಡೆಯುವವನಾದ್ದರಿಂದ ಆತ ವೃತ್ತಿಪರ, ಹವ್ಯಾಸಿಗಳ ಸ್ಪರ್ಧೆಗೆ ಸಲ್ಲದವ. ಆಟವನ್ನು ಅತ್ಯಂತ ಆಪ್ತವಾಗಿ ಬಲ್ಲ ಒಂದು ಇಡೀ ವರ್ಗ ದಾಖಲೆಯಿಂದ ಹೊರಗುಳಿಯಿತು. ಭಾರತೀಯ ಸ್ನೂಕರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ರಾಷ್ಟ್ರೀಯ ಸ್ನೂಕರ್ ಗೆದ್ದವರು ವಿಲ್ಸನ್ ಜೋನ್ಸ್. 1922ರಲ್ಲಿ ಪುಣೆಯಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್ ಜೋನ್ಸ್ ರಾಜವಂಶದವರಲ್ಲ, ದೊಡ್ಡ ಅಧಿಕಾರಿಯೂ ಅಲ್ಲ. 1948, 1952, 1954, 1958, 1960, ಹೀಗೆ ಐದು ಸಲ ಸ್ನೂಕರ್ ಕಿರೀಟ ಅವರದಾಯಿತು. ಬಿಲಿಯರ್ಡ್ಸಿನಲ್ಲಿ ಹನ್ನೆರಡು ಸಲ. 1958ರಲ್ಲಿ ಕಲ್ಕತ್ತದಲ್ಲಿ ನಡೆದ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಚಾಂಪಿಯನ್‌ಷಿಪ್ ಗೆದ್ದಾಗ, ವೈಯಕ್ತಿಕ ಸ್ಪರ್ಧೆಯೊಂದರಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಎನಿಸಿದರು. 1964ರಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೊಮ್ಮೆ ಗೆದ್ದರು. ಹಾಕಿ ತಂಡದ ಚಿನ್ನವನ್ನು ಸಂಭ್ರಮಿಸುತ್ತಿದ್ದ ದೇಶಕ್ಕೆ ಒಬ್ಬಂಟಿ ಆಟಗಾರನ ವಿಶ್ವಪಟ್ಟ ಹೊಸ ಅನುಭವ. ಇಂದಿನ ತಲೆಮಾರು ಜೋನ್ಸ್ ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿರುವುದು ಬೇಸರದ ಸಂಗತಿ.

ಸ್ನೂಕರಿಗೆ ವಿಶ್ವ ಹವ್ಯಾಸಿ ಚಾಂಪಿಯನ್‌ಷಿಪ್ ಎಂಬುದು ಬಂದದ್ದು 1963ರಲ್ಲಿ. ಮೊದಲ ಸ್ಪರ್ಧೆ ನಡೆದದ್ದೂ ಕಲ್ಕತ್ತದಲ್ಲೇ, ಗೆದ್ದವರು ಇಂಗ್ಲೆಂಡಿನ ಗ್ಯಾರಿ ಓವೆನ್. ಅಂದಿನ ಭಾರತದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಹೊರದೇಶದವರಿಗೂ ಆಡಲು ಅವಕಾಶವಿತ್ತು. ಸಿಲೋನಿನ ಎಂ. ಜೆ. ಎಂ. ಲಫೀರ್ ಕಡಲು ದಾಟಿ ಬಂದು ಈ ಕಿರೀಟವನ್ನು ಹಲವು ಸಲ ಗೆದ್ದು ಹೋದರು. 1973ರಲ್ಲಿ ಮುಂಬಯಿಯಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪಟ್ಟವನ್ನೂ ಅವರೇ ಗೆದ್ದರು. 1980ರಲ್ಲಿ ತಾಸ್ಮೇನಿಯಾದ ಲಾನ್ಸೆಸ್ಟನ್ನಿನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದ ಹದಿಹರೆಯದ ಇಂಗ್ಲಿಷ್ ಹುಡುಗ ಜಿಮ್ಮಿ ವೈಟ್ ಊರಿಗೆ ಮರಳುವ ಮುನ್ನ ಭಾರತದ ಚಾಂಪಿಯನ್‌ಷಿಪ್ಪನ್ನೂ ಆಡಿ ಗೆದ್ದುಕೊಂಡರು. ಮುಂದೆ ವೃತ್ತಿಪರ ಸ್ನೂಕರಿನಲ್ಲಿ ಲೋಕದ ಅಚ್ಚುಮೆಚ್ಚಿನವರಾದ ವೈಟ್ ಹೆಸರು ಭಾರತದ ರಾಷ್ಟ್ರೀಯ ವಿಜೇತರ ಪಟ್ಟಿಯಲ್ಲಿರುವುದು ಹಲವರಿಗೆ ಅಚ್ಚರಿ ತರುತ್ತದೆ. ಹೊರದೇಶದವರು ಬಂದು ಗೆದ್ದುಹೋದದ್ದು ಅವಮಾನವೇನಲ್ಲ. ಅವರ ಎದುರು ಆಡಿದ್ದರಿಂದಲೇ ಭಾರತೀಯರ ಆಟದ ಮಟ್ಟ ಏರಿತು.

1960 ಮತ್ತು 70ರ ದಶಕಗಳಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಮೆರೆದವರು ಶ್ಯಾಮ್ ಶ್ರಾಫ್. ಮುಂಬಯಿ ಮತ್ತು ಕಲ್ಕತ್ತಗಳ ಆಟಗಾರರಿಗೆ ಈ ಸ್ಪರ್ಧೆಯ ಮೇಲಿದ್ದ ಹಿಡಿತವನ್ನು ಸಡಿಲಿಸಿದವರಲ್ಲಿ ಬೆಂಗಳೂರಿನ ಅರವಿಂದ್ ಸವೂರ್ ಮುಖ್ಯರು. 1970ರ ದಶಕದ ಕೊನೆಯಲ್ಲಿ ಅವರು ರಾಷ್ಟ್ರೀಯ ಸ್ನೂಕರ್ ಕಿರೀಟವನ್ನು ಕರ್ನಾಟಕಕ್ಕೆ ತಂದರು. ಗೆದ್ದ ಪಂದ್ಯಗಳಿಗಿಂತಲೂ ಸವೂರ್ ಕಲಿಸಿದ ಆಟ ಹೆಚ್ಚು ಬಾಳಿಕೆಯದಾಯಿತು, ಆ ವಿಷಯ ಮುಂದೆ ಬರುತ್ತದೆ.

1984ರಲ್ಲಿ ಓಂ ಅಗರ್ವಾಲ್ ಐರ್ಲೆಂಡಿನ ಡಬ್ಲಿನ್ನಿನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್ ಆದರು. ಫೈನಲ್ಲಿನಲ್ಲಿ ಸೋತವರು ವೇಲ್ಸಿನ ಟೆರ್ರಿ ಪಾರ್ಸನ್ಸ್. ಬಿಲಿಯರ್ಡ್ಸಿನಲ್ಲಿ ಜೋನ್ಸ್, ಆನಂತರ ಮೈಕೆಲ್ ಫೆರೇರಾ ವಿಶ್ವಪಟ್ಟ ತಂದಿದ್ದರೂ ಸ್ನೂಕರಿನಲ್ಲಿ ಅದು ಭಾರತದ ಮೊದಲ ವಿಶ್ವಪಟ್ಟ. ಮುಂಬಯಿಯ ಅಗರ್ವಾಲ್ ಅದಕ್ಕೆ ಮುಂಚೆಯೇ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಈ ಗೆಲುವಿನಿಂದ ರಾಷ್ಟ್ರೀಯ ಸ್ನೂಕರ್ ಕಿರೀಟದ ತೂಕವೇ ಬದಲಾಯಿತು. ಬಿಲಿಯರ್ಡ್ಸಿನ ನೆರಳಿನಲ್ಲಿದ್ದ ಸ್ಪರ್ಧೆ ಆ ಹೊತ್ತಿನಿಂದ ವಿಶ್ವಪಟ್ಟದ ಮೆಟ್ಟಿಲೆನಿಸಿತು.

ಮೂರು ವರ್ಷದ ನಂತರ, 1987ರಲ್ಲಿ, ವಿಶ್ವ ಹವ್ಯಾಸಿ ಸ್ನೂಕರ್ ಬೆಂಗಳೂರಿಗೇ ಬಂತು. ವೇಲ್ಸಿನ ಡ್ಯಾರೆನ್ ಮಾರ್ಗನ್ ಫೈನಲ್ಲಿನಲ್ಲಿ ಮಾಲ್ಟಾದ ಜೋ ಗ್ರೆಕ್ ಅವರನ್ನು ಸೋಲಿಸಿದರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಸುತ್ತ ಬೆಳೆದ ಆಟಗಾರರಿಗೆ ಜಗತ್ತಿನ ಉತ್ತಮ ಹವ್ಯಾಸಿಗಳನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಇದೇ ಪಂದ್ಯಾವಳಿ ಬೆಂಗಳೂರಿಗೆ ಮತ್ತೆರಡು ಸಲ ಬಂದಿದೆ. 2011ರಲ್ಲಿ ಇರಾನಿನ ಹೊಸೇನ್ ವಫಾಯಿ ಗೆದ್ದರೆ, 2014ರಲ್ಲಿ ಚೀನಾದ ಹದಿನಾಲ್ಕು ವರ್ಷದ ಯಾನ್ ಬಿಂಗ್‌ಟಾವೊ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಅವರನ್ನು ಕೊನೆಯ ಫ್ರೇಮಿನಲ್ಲಿ, ಅಂದರೆ ಪಂದ್ಯದ ಕೊನೆಯ ಸುತ್ತಿನಲ್ಲಿ, ಮಣಿಸಿದರು.

ಮತ್ತೆ ರಾಷ್ಟ್ರೀಯ ಸ್ಪರ್ಧೆಯತ್ತ ನೋಡುವುದಾದರೆ, ಅದರ ಅತ್ಯಂತ ಪ್ರಖರವಾದ ಘಳಿಗೆ 1988ರದು. ಅಹಮದಾಬಾದಿನ ಗೀತ್ ಸೇಥಿ ಆ ವರ್ಷದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಒಂದೇ ಸರದಿಯಲ್ಲಿ 147 ಅಂಕಗಳ ಬ್ರೇಕ್ ಮಾಡಿದರು. ಹದಿನೈದು ಕೆಂಪು ಚೆಂಡುಗಳನ್ನೂ ಪಾಕೆಟ್ಟಿಗಿಳಿಸಿ, ಪ್ರತಿ ಸಲವೂ ಕಪ್ಪನ್ನೇ ಹಾಕಿದರೆ 120 ಅಂಕ. ಉಳಿದ ಆರು ಬಣ್ಣಗಳನ್ನು ಕ್ರಮವಾಗಿ ಹಾಕಿದರೆ ಇನ್ನು 27. ಒಂದೂ ಹೊಡೆತ ತಪ್ಪದೆ, ಎದುರಾಳಿಗೆ ಸರದಿಯನ್ನೇ ಕೊಡದೆ, ಮೂವತ್ತಾರು ಚೆಂಡುಗಳನ್ನು ಇಳಿಸಬೇಕು. ಇದರ ಕಷ್ಟವಿರುವುದು ಚೆಂಡನ್ನು ಪಾಕೆಟ್ಟಿಗೆ ಹಾಕುವುದರಲ್ಲಿ ಅಲ್ಲ, ಹಾಕಿದ ಮೇಲೆ ಬಿಳಿ ಚೆಂಡು ಮುಂದಿನ ಹೊಡೆತಕ್ಕೆ ತಕ್ಕ ಜಾಗದಲ್ಲಿ ನಿಲ್ಲುವಂತೆ ಮಾಡುವುದರಲ್ಲಿ. ಕ್ಯೂ ತುದಿಯನ್ನು ಬಿಳಿ ಚೆಂಡಿನ ಮೇಲ್ಭಾಗಕ್ಕೆ ತಾಗಿಸಿದರೆ ಅದು ಮುಂದಕ್ಕೆ ಉರುಳುತ್ತದೆ, ಕೆಳಭಾಗಕ್ಕೆ ತಾಗಿಸಿದರೆ ಹಿಂದಕ್ಕೆ ಸರಿಯುತ್ತದೆ, ಪಕ್ಕಕ್ಕೆ ತಾಗಿಸಿದರೆ ಮೇಜಿನ ಅಂಚಿಗೆ ಬಡಿದು ಬೇರೆ ಕೋನದಲ್ಲಿ ತಿರುಗುತ್ತದೆ. ಈ ಮೂರರ ಅಳತೆಯನ್ನು ಮೂವತ್ತಾರು ಸಲ ಸರಿಯಾಗಿ ಹಿಡಿದರೆ 147. ಮಹತ್ವದ ಸ್ಪರ್ಧೆಯೊಂದರಲ್ಲಿ ಹವ್ಯಾಸಿಯೊಬ್ಬರು ಮಾಡಿದ ಮೊದಲ ಅಧಿಕೃತ 147 ಎಂದು ಸೇಥಿ ಅವರ ಬ್ರೇಕ್ ದಾಖಲಾಗಿದೆ. ಆಟ ಹುಟ್ಟಿದ ದೇಶದ ರಾಷ್ಟ್ರೀಯ ಸ್ಪರ್ಧೆಯಲ್ಲೇ ಇದು ಆದದ್ದು ನ್ಯಾಯವಾಗಿಯೇ ಇದೆ.

ಸೇಥಿ ಅವರ ಸಮಕಾಲೀನ ಮುಂಬಯಿಯ ಯಾಸೀನ್ ಮರ್ಚೆಂಟ್. 1989ರಲ್ಲಿ ಏಷ್ಯನ್ ಸ್ನೂಕರ್ ಚಾಂಪಿಯನ್ ಆಗಿ, ವೃತ್ತಿಪರ ಸ್ನೂಕರಿಗೆ ಕಾಲಿಟ್ಟ ಭಾರತೀಯರಲ್ಲಿ ಮೊದಲಿಗರಾದರು. 2001ರಲ್ಲಿ ಏಷ್ಯನ್ ಪಟ್ಟವನ್ನು ಇನ್ನೊಮ್ಮೆ ಗೆದ್ದರು. ರಾಷ್ಟ್ರೀಯ ಕಿರೀಟವನ್ನೂ ಈ ಇಬ್ಬರೂ ಗೆದ್ದವರು.

ಅದೇ ಹೊತ್ತಿಗೆ ಆಟದ ನೆಲೆಯೂ ಬದಲಾಯಿತು. 1990ರ ದಶಕದಲ್ಲಿ ಉಪಗ್ರಹ ಟೆಲಿವಿಷನ್ ಬಂದು ಇಂಗ್ಲೆಂಡಿನ ವೃತ್ತಿಪರ ಪಂದ್ಯಗಳು ಮನೆಮನೆಗೆ ಮುಟ್ಟಿದವು. ನಗರಗಳಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಆಡುವ ಸ್ನೂಕರ್ ಪಾರ್ಲರುಗಳು ಎದ್ದವು. ಕ್ಲಬ್ಬಿನ ಸದಸ್ಯತ್ವಕ್ಕೆ ಮನೆತನ, ಹುದ್ದೆ, ಶಿಫಾರಸು ಎಲ್ಲ ಬೇಕಿತ್ತು. ಪಾರ್ಲರಿಗೆ ಜೇಬಿನಲ್ಲಿ ಸ್ವಲ್ಪ ದುಡ್ಡಿದ್ದರೆ ಸಾಕು. ಹೊಗೆ, ಬಾಜಿ, ಕಾಲಹರಣದ ಜಾಗವೆಂದು ಹಿರಿಯರು ಪಾರ್ಲರುಗಳನ್ನು ಅನುಮಾನದಿಂದ ನೋಡಿದ್ದೂ ನಿಜ, ಕೆಲವು ಕಡೆ ಆ ಅನುಮಾನಕ್ಕೆ ಆಧಾರ ಇದ್ದದ್ದೂ ನಿಜ. ಆದರೂ ಭಾರತದಲ್ಲಿ ಸ್ನೂಕರನ್ನು ಸಾಮಾನ್ಯ ಕುಟುಂಬದ ಮಕ್ಕಳ ಕೈಗೆ ಕೊಟ್ಟದ್ದು ಪಾರ್ಲರೇ ಹೊರತು ಕ್ಲಬ್ಬಲ್ಲ.

ಅಂಥ ಒಂದು ಬೆಂಗಳೂರಿನ ಪಾರ್ಲರಿಗೆ ಅಣ್ಣ ಶ್ರೀ ಅಡ್ವಾಣಿಯ ಹಿಂದೆ ಹೋಗುತ್ತಿದ್ದ ಹತ್ತು ವರ್ಷದ ಹುಡುಗ ಪಂಕಜ್. 1985ರಲ್ಲಿ ಪುಣೆಯಲ್ಲಿ ಹುಟ್ಟಿ, ಬಾಲ್ಯದ ಕೆಲ ವರ್ಷಗಳನ್ನು ಕುವೈತಿನಲ್ಲಿ ಕಳೆದ ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಶಿಷ್ಯರಾದರು. ಹಿಂದಿನ ಚಾಂಪಿಯನ್ ಮುಂದಿನ ಚಾಂಪಿಯನ್ನನ್ನು ತಾನೇ ತಿದ್ದಿ ಬೆಳೆಸುವ ಅವಕಾಶ ಎಲ್ಲ ಆಟಗಳಲ್ಲೂ ಸಿಗುವುದಿಲ್ಲ. 2003ರಲ್ಲಿ ಅಡ್ವಾಣಿ ರಾಷ್ಟ್ರೀಯ ಸ್ನೂಕರ್ ಗೆದ್ದಾಗ ಆ ಕಿರೀಟ ತೊಟ್ಟವರಲ್ಲಿ ಅತಿ ಕಿರಿಯರು. ಅದೇ ವರ್ಷ ಚೀನಾದ ಜಿಯಾಂಗ್ಮೆನ್‌ನಲ್ಲಿ ಪಾಕಿಸ್ತಾನದ ಸಾಲೇಹ್ ಮೊಹಮ್ಮದ್ ಅವರನ್ನು ಸೋಲಿಸಿ, ಹದಿನೆಂಟನೆಯ ವಯಸ್ಸಿಗೆ ವಿಶ್ವ ಸ್ನೂಕರ್ ಚಾಂಪಿಯನ್ ಆದರು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಸಮಯ ಮತ್ತು ಅಂಕ ಎಂಬ ಎರಡೂ ಮಾದರಿಗಳ ವಿಶ್ವಪಟ್ಟ, 2008ರಲ್ಲಿ ಬೆಂಗಳೂರಿನಲ್ಲೇ ಮತ್ತೆ ಅಂಥ ಜೋಡಿ ಗೆಲುವು, 2006ರ ದೋಹಾ ಮತ್ತು 2010ರ ಗುವಾಂಗ್ಝೌ ಏಷ್ಯನ್ ಕ್ರೀಡಾಕೂಟಗಳಲ್ಲಿ ಬಿಲಿಯರ್ಡ್ಸ್ ಚಿನ್ನ. 2024ರ ನವೆಂಬರ್ ಹೊತ್ತಿಗೆ ಅವರ ವಿಶ್ವಪಟ್ಟಗಳ ಲೆಕ್ಕ 28ಕ್ಕೆ ಮುಟ್ಟಿತು. ನಡುವೆ 2012ರಿಂದ 2014ರವರೆಗೆ ಇಂಗ್ಲೆಂಡಿನ ವೃತ್ತಿಪರ ಸ್ನೂಕರ್ ಸರಣಿಯಲ್ಲೂ ಆಡಿ, ಎರಡೂ ಆಟಗಳನ್ನು ಉಳಿಸಿಕೊಳ್ಳುವ ಸಲುವಾಗಿ ಆ ದಾರಿಯನ್ನು ಬಿಟ್ಟು ಬಂದರು. ಇಷ್ಟೆಲ್ಲ ಗೆದ್ದವರು ಸ್ವದೇಶದ ರಾಷ್ಟ್ರೀಯ ಸ್ಪರ್ಧೆಯಲ್ಲೂ ಆಡುತ್ತ ಬಂದಿರುವುದು ಅದರ ಭಾಗ್ಯ. 2025ರ ಫೆಬ್ರುವರಿಯಲ್ಲಿ ಇಂದೋರಿನ ಯಶವಂತ ಕ್ಲಬ್ಬಿನಲ್ಲಿ ಬ್ರಿಜೇಶ್ ದಮಾನಿ ಅವರನ್ನು ಸೋಲಿಸಿ ಗೆದ್ದದ್ದು ಅವರ ಹತ್ತನೇ ಪುರುಷರ ರಾಷ್ಟ್ರೀಯ ಸ್ನೂಕರ್ ಕಿರೀಟ. ಎಲ್ಲ ವಿಭಾಗ ಸೇರಿಸಿದರೆ 36ನೇ ರಾಷ್ಟ್ರೀಯ ಪಟ್ಟ.

ವಿಜೇತರ ಪಟ್ಟಿಯನ್ನು ಓದುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಡ್ವಾಣಿ ಬೆಂಗಳೂರಿನವರಾದರೂ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅವರ ಹೆಸರಿನ ಮುಂದಿರುವುದು ಕರ್ನಾಟಕವಲ್ಲ, ಪೆಟ್ರೋಲಿಯಂ ಕ್ರೀಡಾ ಉತ್ತೇಜನ ಮಂಡಳಿ. ಅವರು ಒಎನ್‌ಜಿಸಿ ಉದ್ಯೋಗಿ. ತೈಲ ಕಂಪನಿಗಳು ಒಳ್ಳೆಯ ಆಟಗಾರರಿಗೆ ಕೆಲಸ ಕೊಟ್ಟು, ಆಡಲು ಬಿಡುವು ಕೊಟ್ಟು, ತಮ್ಮ ಮಂಡಳಿಯ ಪರವಾಗಿ ಆಡಿಸುತ್ತವೆ. ರೈಲ್ವೆಯೂ ಹಾಗೆಯೇ ಮಾಡುತ್ತದೆ. ಜೋನ್ಸ್ ಕಾಲದಲ್ಲಿ ರಾಜರು, ವ್ಯಾಪಾರಿಗಳು, ಕ್ಲಬ್ಬುಗಳು ಕೊಡುತ್ತಿದ್ದ ಆಸರೆಯನ್ನು ಈಗ ಸರ್ಕಾರಿ ಸ್ವಾಮ್ಯದ ಸಂಸ್ಥೆಗಳು ಕೊಡುತ್ತಿವೆ. ಬಹುಮಾನದ ಹಣದಿಂದ ಮಾತ್ರ ಬದುಕಲಾಗದ ಆಟದಲ್ಲಿ ತಿಂಗಳ ಸಂಬಳ ಸಣ್ಣ ವಿಷಯವಲ್ಲ. ರಾಜ್ಯಗಳ ಪದಕ ಪಟ್ಟಿ ಇದರಿಂದ ಬಡವಾಗಿ ಕಾಣುತ್ತದೆ ಎಂಬ ದೂರು ಇದೆ. ಆದರೆ ಆಟಗಾರನ ಹೊಟ್ಟೆಪಾಡಿನ ಮುಂದೆ ಆ ದೂರು ನಿಲ್ಲುವುದಿಲ್ಲ.

ಮಹಿಳೆಯರ ವಿಭಾಗ ಬಂದದ್ದು ತಡವಾಗಿ. ಬಂದ ಮೇಲೆ ಮಾತ್ರ ಕರ್ನಾಟಕದ ಆಟಗಾರ್ತಿಯರು ಅದನ್ನು ತಮ್ಮದಾಗಿಸಿಕೊಂಡರು. ಬೆಂಗಳೂರಿನ ಚಿತ್ರಾ ಮಗಿಮೈರಾಜ್ 2006 ಮತ್ತು 2007ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಗೆದ್ದರು. ವಿದ್ಯಾ ಪಿಳ್ಳೈ ರಾಷ್ಟ್ರೀಯ ಮಹಿಳಾ ಸ್ನೂಕರ್ ಕಿರೀಟವನ್ನು ಮತ್ತೆ ಮತ್ತೆ ಗೆದ್ದು, 2017ರಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ ಹಾಂಗ್‌ಕಾಂಗಿನ ಇಂಗ್ ಆನ್‌ಯೀ ಎದುರು ಕೊನೆಯ ಫ್ರೇಮಿನವರೆಗೆ ಸೆಣಸಿ 5–6ರಿಂದ ಸೋತರು.

ಇವರ ಜೊತೆಗೆ ಆರ್. ಉಮಾದೇವಿ ಅವರ ಹಾದಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ರಾಜ್ಯದ ತೋಟಗಾರಿಕೆ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಅವರು ಟೇಬಲ್ ಟೆನಿಸ್ ಆಡಲೆಂದು ಕಬ್ಬನ್ ಉದ್ಯಾನದಲ್ಲಿರುವ ಸರ್ಕಾರಿ ಸಚಿವಾಲಯ ಕ್ಲಬ್ಬಿಗೆ ಹೋಗುತ್ತಿದ್ದರು. ಆ ಮೇಜುಗಳಲ್ಲಿ ಬೇರೆಯವರು ಆಡುತ್ತಿದ್ದಾಗ ಪಕ್ಕದಲ್ಲಿದ್ದ ಬಿಲಿಯರ್ಡ್ಸ್ ಮೇಜಿನ ಕಡೆ ತಿರುಗಿದರು. ಆಗ ಅವರ ವಯಸ್ಸು ಹೆಚ್ಚುಕಡಿಮೆ ಮೂವತ್ತು. ಬೇರೆ ಕ್ರೀಡೆಗಳಲ್ಲಿ ಆಟ ನಿಲ್ಲಿಸುವ ಆ ವಯಸ್ಸಿನಲ್ಲಿ ಕ್ಯೂ ಹಿಡಿದು, ರಾಷ್ಟ್ರೀಯ ಸ್ಪರ್ಧೆಗಳನ್ನು ಗೆದ್ದು, 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಅವರು ದುಬಾರಿ ಕ್ಲಬ್ಬಿನ ಸದಸ್ಯೆಯಾಗಿರಲಿಲ್ಲ, ಮನೆಯಲ್ಲಿ ಮೇಜಿರಲಿಲ್ಲ, ಚಿಕ್ಕಂದಿನಿಂದ ಕೋಚ್ ಇರಲಿಲ್ಲ. ಕಚೇರಿ ಬಿಟ್ಟ ಮೇಲೆ ಹೋಗಬಹುದಾದ, ಸಾಮಾನ್ಯ ನೌಕರರಿಗೂ ಪ್ರವೇಶವಿರುವ ಕ್ಲಬ್ಬಿನಲ್ಲಿ ಒಂದು ಮೇಜು ಇತ್ತು. ಪ್ರತಿಭೆ ಎಲ್ಲಿ ಅಡಗಿರುತ್ತದೆಂದು ಮೇಜು ಹಾಕುವವರಿಗೆ ಮೊದಲೇ ತಿಳಿಯುವುದಿಲ್ಲ ಎಂಬುದಕ್ಕೆ ಭಾರತೀಯ ಸ್ನೂಕರ್ ಮತ್ತು ಬಿಲಿಯರ್ಡ್ಸಿನ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ರಾಷ್ಟ್ರೀಯ ಸ್ಪರ್ಧೆಯನ್ನು ಈಗ ನಡೆಸುವುದು ಭಾರತೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್. ಸಬ್ ಜೂನಿಯರ್, ಜೂನಿಯರ್, ಹಿರಿಯರು, ಮಹಿಳೆಯರು, ಮಾಸ್ಟರ್ಸ್ ಎಂದು ವಿಭಾಗಗಳಿವೆ. ಬಿಲಿಯರ್ಡ್ಸ್, ಹದಿನೈದು ಕೆಂಪಿನ ಪೂರ್ಣ ಸ್ನೂಕರ್, ಆರೇ ಕೆಂಪಿನ ಚುಟುಕು ಸ್ನೂಕರ್, ಎಲ್ಲವೂ ಒಂದೇ ಊರಿನಲ್ಲಿ ವಾರಗಟ್ಟಲೆ ನಡೆಯುತ್ತವೆ. ಅಲ್ಲಿಗೆ ಹೋಗುವ ದಾರಿ ರಾಜ್ಯ ಸಂಸ್ಥೆಯ ಮೂಲಕ. ಕರ್ನಾಟಕದ ಆಟಗಾರ ಬೆಂಗಳೂರಿನಲ್ಲಿ ನಡೆಯುವ ರಾಜ್ಯಮಟ್ಟದ ಸ್ಪರ್ಧೆಗಳಲ್ಲಿ ಆಡಿ, ಆಯ್ಕೆಯಾಗಿ, ಆಮೇಲೆ ರಾಷ್ಟ್ರೀಯ ಸ್ಪರ್ಧೆಗೆ ಹೋಗಬೇಕು. ನಿಯಮದಲ್ಲಿ ಜಿಲ್ಲೆ ಜಿಲ್ಲೆಗೆ ಭೇದವಿಲ್ಲ. ಭೇದ ಇರುವುದು ದೂರದಲ್ಲಿ.

ಕೋಲಾರ ಜಿಲ್ಲೆಯನ್ನೇ ನೋಡಿ. ಮಾಲೂರು ಬೆಂಗಳೂರಿನಿಂದ ಸುಮಾರು 45 ಕಿಲೋಮೀಟರ್, ಚೆನ್ನೈ ರೈಲುಮಾರ್ಗದ ಮೇಲೇ ಇದೆ. ಅಲ್ಲಿಯ ಹುಡುಗ ಮನಸ್ಸು ಮಾಡಿದರೆ ಶಾಲೆ ಬಿಟ್ಟ ಮೇಲೆ ರೈಲು ಹತ್ತಿ ಹೋಗಿ ಅಭ್ಯಾಸ ಮಾಡಿ ರಾತ್ರಿ ಮರಳಬಹುದು. ಕೋಲಾರದಿಂದ ಸುಮಾರು 70 ಕಿಲೋಮೀಟರ್, ಬಸ್ಸಿಗೆ ಕೊರತೆಯಿಲ್ಲ, ಆದರೆ ದಿನವೂ ಹೋಗಿಬರುವ ಮಾತಲ್ಲ. ಮುಳಬಾಗಿಲಿಗೆ ರೈಲೇ ಇಲ್ಲ. ಹೆದ್ದಾರಿಯ ಬಸ್ಸಿನಲ್ಲಿ ನೂರು ಕಿಲೋಮೀಟರಿನ ಹತ್ತಿರ ಕೂರಬೇಕು. ಶ್ರೀನಿವಾಸಪುರದವರು ಕೋಲಾರವನ್ನೋ ಚಿಂತಾಮಣಿಯನ್ನೋ ಹಾದು ಮುಂದಕ್ಕೆ ಹೋಗಬೇಕು. ಸ್ನೂಕರ್ ವಾರಕ್ಕೊಮ್ಮೆ ಅಭ್ಯಾಸ ಮಾಡಿ ಕಲಿಯುವ ಆಟವಲ್ಲ. ಒಂದೇ ಹೊಡೆತವನ್ನು ದಿನಕ್ಕೆ ನೂರಾರು ಸಲ ಹೊಡೆದು ಕೈಗೆ ಅಭ್ಯಾಸ ಮಾಡಿಸಬೇಕು. ಚಿಕ್ಕ ಊರುಗಳ ಪಾರ್ಲರುಗಳಲ್ಲಿ ಸಾಮಾನ್ಯವಾಗಿ ಕಾಣುವ ಪುಟ್ಟ ಪೂಲ್ ಮೇಜಿನ ಮೇಲೆ ಕಲಿತ ಕೈ ಹನ್ನೆರಡು ಅಡಿಯ ಮೇಜಿನ ಮುಂದೆ ತಡವರಿಸುತ್ತದೆ. ಅಲ್ಲಿ ಪಾಕೆಟ್ಟಿನ ಬಾಯಿ ಕಿರಿದು, ಹೊಡೆತದ ದೂರ ಹೆಚ್ಚು.

ಇದಕ್ಕೆ ಪರಿಹಾರ ದೊಡ್ಡ ಯೋಜನೆಯೇನೂ ಅಲ್ಲ. ಜಿಲ್ಲಾ ಕ್ರೀಡಾಂಗಣದ ಒಂದು ಕೊಠಡಿಯಲ್ಲೋ ಸರ್ಕಾರಿ ನೌಕರರ ಭವನದಲ್ಲೋ ಪೂರ್ಣ ಅಳತೆಯ ಎರಡು ಮೇಜು, ಮಟ್ಟ ಮತ್ತು ಬಟ್ಟೆ ನೋಡಿಕೊಳ್ಳುವ ಒಬ್ಬ ಮಾರ್ಕರ್, ವಿದ್ಯಾರ್ಥಿಗಳಿಗೆ ಸಂಜೆ ಎರಡು ಗಂಟೆ ಮೀಸಲು. ಹಿಂದೆ ಸ್ಪರ್ಧೆಯಿಂದ ಹೊರಗಿಟ್ಟ ಮಾರ್ಕರನೇ ಇಲ್ಲಿ ಮೊದಲ ಗುರುವೂ ಆಗಬಲ್ಲ. ರಾಜ್ಯ ಸಂಸ್ಥೆ ವರ್ಷಕ್ಕೊಂದು ಜೂನಿಯರ್ ಪಂದ್ಯಾವಳಿಯನ್ನು ಬೆಂಗಳೂರಿನ ಆಚೆ ನಡೆಸಿದರೆ ಆಯ್ಕೆಗಾರರ ಕಣ್ಣಿಗೆ ಹೊಸ ಮುಖಗಳು ಬೀಳುತ್ತವೆ. ಜಿಲ್ಲಾಡಳಿತ, ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆ, ನೌಕರರ ಸಂಘ, ಈ ಮೂವರು ಒಂದು ಸಲ ಕೂತು ಮಾತಾಡಿದರೆ ಕೆಲಸ ಆಗುತ್ತದೆ. ಕೋಲಾರ ಪಟ್ಟಣದಲ್ಲಿ ಮೊದಲ ಎರಡು ಮೇಜುಗಳನ್ನು ಹಾಕಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಕ್ಕಳಿಗೆ ರಜೆಯ ಶಿಬಿರದಲ್ಲಿ ಜಾಗ ಕೊಡುವುದರಿಂದ ಅದನ್ನು ಆರಂಭಿಸಬೇಕು.